ಮದುವೆ ಕರೆಯೋಲೆ ತೆರೆದು ಹಣ ಹೋಯ್ತು: ಅಪ್ಪನ ಫೋನ್ ಕಿತ್ತಿಟ್ಟದ್ದು ಸರಿಯಾ?

ಪ್ರಶ್ನೆ: ನಮ್ಮ ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಅಪ್ಪನಿಗೆ 71 ವರ್ಷ, ಆಯಿಗೆ 66. ನಾನು, ಅಣ್ಣ ಇಬ್ಬರೂ ಬೆಂಗಳೂರಿನಲ್ಲಿ ಇದ್ದೇವೆ. ಕಳೆದ ತಿಂಗಳು ಒಂದು ಬುಧವಾರ ರಾತ್ರಿ ಅಪ್ಪನ ವಾಟ್ಸಾಪ್‌ಗೆ ನೆಂಟರೊಬ್ಬರ ನಂಬರಿನಿಂದ ಮದುವೆ ಕರೆಯೋಲೆ ಬಂತು. ತೆರೆದರು. ಏನೇನೋ ಅನುಮತಿ ಕೇಳಿತು, ಎಲ್ಲದಕ್ಕೂ ಒಪ್ಪಿಗೆ ಒತ್ತಿದರು. ಕರೆಯೋಲೆ ಮಾತ್ರ ಕಾಣಲೇ ಇಲ್ಲ. ಶುಕ್ರವಾರ ಅವರು ಶಿರಸಿ ಪೇಟೆಗೆ ಹೋಗಿದ್ದಾಗ ಖಾತೆಯಿಂದ ನಾಲ್ಕು ಸಲಕ್ಕೆ ಒಟ್ಟು 1,86,400 ರೂಪಾಯಿ ಹೋಗಿದೆ. ಚಾಲಿ ಅಡಿಕೆ ಕೊಟ್ಟು ಬಂದ ಹಣ ಅದು. ಮರುದಿನ ಎರಡನೇ ಶನಿವಾರ. ಸೋಮವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಅವರಿಗೆ ಗೊತ್ತಾಗಿದೆ. ನಮಗೆ ಹೇಳಿದ್ದು ಗುರುವಾರ, ಅದೂ ಆಯಿ ಕೇಳಿ ಕೇಳಿ. ಅಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಪಕ್ಕದ ಮನೆ ಹುಡುಗನ ಜೊತೆ ಅಪ್ಪನನ್ನು ಕಳಿಸಿ ಬ್ಯಾಂಕಿಗೂ ಬರೆದು ಕೊಡಿಸಿದೆ. ಬ್ಯಾಂಕಿನವರು 'ಒಟಿಪಿ ನೀವೇ ಕೊಟ್ಟಿರ್ತೀರಿ, ಏನೂ ಮಾಡಕ್ಕಾಗಲ್ಲ' ಅಂದರಂತೆ. ಅಪ್ಪ ಯಾರಿಗೂ ಒಟಿಪಿ ಹೇಳಿಲ್ಲ.

ಭಾನುವಾರ ಅಣ್ಣ ಊರಿಗೆ ಹೋಗಿ ಚೆನ್ನಾಗಿ ಬೈದು, ಫೋನ್ ಕಿತ್ತುಕೊಂಡು, ಕೀಪ್ಯಾಡ್ ಫೋನ್ ಕೊಟ್ಟು ಬಂದ. ಮೊದಲೆಲ್ಲ ಅಪ್ಪ ಸಂಜೆ ಜಗುಲಿಯಲ್ಲಿ ಕೂತು ಯಕ್ಷಗಾನ ನೋಡುತ್ತಿದ್ದರು, ನನ್ನ ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದರು. ಈಗ ಸುಮ್ನೆ ಕೂತಿರುತ್ತಾರೆ. ಸೊಸೈಟಿಗೂ ಹೋಗುತ್ತಿಲ್ಲ. ಹಣ ವಾಪಸ್ ಬರುತ್ತದಾ? ತಪ್ಪು ಯಾರದ್ದು? ಫೋನ್ ಕಿತ್ತಿಟ್ಟದ್ದು ಸರಿಯಾ? ಕರೆ ಎತ್ತಿದರೂ ಸಾಕು, ಹಣ ಹೋಗುತ್ತದೆ, ಆಧಾರ್ ಹೆಬ್ಬೆಟ್ಟಿನಿಂದಲೂ ತೆಗೆಯುತ್ತಾರೆ ಅಂತ ಊರಿನಲ್ಲಿ ಹೇಳುತ್ತಾರೆ, ನಿಜವಾ? ಇನ್ನೊಂದು ವಿಷಯ. ಎಟಿಎಂ ಕಾರ್ಡ್ ಕಳೆದರೆ ಇರಲಿ ಅಂತ ಅದರ ಎರಡೂ ಬದಿಯ ಫೋಟೊ ತೆಗೆದು ಅಪ್ಪನ ಫೋನಿನಲ್ಲಿ ಇಟ್ಟಿದ್ದು ನಾನು. ಇದನ್ನು ಯಾರಿಗೂ ಹೇಳಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಒಂದೇ ಜಾಗದಲ್ಲಿ ನಿಂತೆ. ಸೋಮವಾರ ಗೊತ್ತಾಗಿದೆ, ಗುರುವಾರ ಹೇಳಿದ್ದಾರೆ.

ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅಂಕೋಲಾ, ಕುಮಟಾ, ಕಾರವಾರ, ಕೊನೆಗೆ ಶಿರಸಿ. ನಿವೃತ್ತಿಯಾದ ಮೇಲೆ ಸೊಸೈಟಿಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಇದೇ ವಿಷಯ ಹೇಳಿಕೊಡುತ್ತಾ ಓಡಾಡುತ್ತೇನೆ. ಶಾಖೆಯಲ್ಲಿದ್ದಾಗ ಒಂದು ದಿನ ಹಿರಿಯರೊಬ್ಬರು ಬೆಳಗ್ಗೆ ಬಂದು ಬೆಂಚಿನ ಮೇಲೆ ಕೂತರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪಾಸ್‌ಬುಕ್ ತೊಡೆಯ ಮೇಲಿತ್ತು. ಕೊಟ್ಟೆಯ ಬಾಯಿ ಬಿಚ್ಚುವುದು, ಮತ್ತೆ ಮಡಚುವುದು, ಇದನ್ನೇ ಮಾಡುತ್ತಿದ್ದರು. ಕೌಂಟರಿಗೆ ಬರಲಿಲ್ಲ. ನಾನು ಮಧ್ಯಾಹ್ನ ಊಟಕ್ಕೆ ಎದ್ದಾಗಲೂ ಅಲ್ಲೇ ಇದ್ದರು. ಒಳಗೆ ಕರೆದು ಕೂರಿಸಿ ಕೇಳಿದೆ. ಹಣ ಹೋಗಿ ನಾಲ್ಕು ದಿನ ಆಗಿತ್ತು. 'ದುಡ್ಡು ಬರ್ತದಾ' ಅಂತ ಅವರು ಮೊದಲು ಕೇಳಲಿಲ್ಲ. 'ಮಗನಿಗೆ ಮಾತ್ರ ಗೊತ್ತಾಗೋದು ಬೇಡ' ಅಂದರು.

ಕುಮಟಾದಲ್ಲಿ ಸಣ್ಣ ಅಂಗಡಿ ನಡೆಸುವ ಒಬ್ಬ ಹೆಂಗಸಿಗೂ ಹೀಗೇ ಆಯಿತು. ಅವರು ಫೋನ್ ನೋಡಿದ ಕೂಡಲೇ 'ಅಯ್ಯೋ, ದುಡ್ಡು ಹೋಯ್ತು' ಅಂತ ಕೂಗಿದರು. ಒಳಗಿಂದ ಸೊಸೆ ಓಡಿ ಬಂದು ಅಲ್ಲೇ 1930ಕ್ಕೆ ಹಚ್ಚಿದಳು. ಹಣ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಎಲ್ಲಾ ಸಿಗಲಿಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ಮುಂದಿನ ಖಾತೆಯಲ್ಲೇ ಸಿಕ್ಕಿಬಿತ್ತು. ಆ ಹಿರಿಯರು ಓದಿದವರು, ಈ ಹೆಂಗಸು ಶಾಲೆ ಅರ್ಧಕ್ಕೆ ಬಿಟ್ಟವರು. ಇಬ್ಬರಿಗೂ ಇದ್ದ ವ್ಯತ್ಯಾಸ ಒಂದೇ. ಆ ಹೆಂಗಸಿಗೆ ತನ್ನ ಮನೆಯಲ್ಲಿ ಕೂಗಲು ಹೆದರಿಕೆ ಇರಲಿಲ್ಲ.

ಫೋನ್ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಏನಾಯಿತು ಅಂತ ನೋಡೋಣ.

ನಮ್ಮ ಕಡೆ ಮದುವೆ ಅಂದರೆ ಮನೆಮನೆಗೆ ಹೋಗಿ ಕರೆಯುವುದು ರೂಢಿ. ಗಂಡ ಹೆಂಡತಿ ಇಬ್ಬರೂ ಹೋಗಿ, ಜಗುಲಿಯಲ್ಲಿ ಕೂತು, ಅಕ್ಷತೆ ಕೊಟ್ಟು, ಆಸರಿ ಕುಡಿದು ಬರಬೇಕು. ಈಗ ಅಷ್ಟು ಓಡಾಟ ಆಗುವುದಿಲ್ಲ. ಹತ್ತಿರದವರ ಮನೆಗೆ ಹೋಗುತ್ತಾರೆ, ಉಳಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ 'ಇದನ್ನೇ ಖುದ್ದು ಕರೆದಂತೆ ತಿಳಿಯಿರಿ' ಅನ್ನುತ್ತಾರೆ. ಅದು ತಪ್ಪೇನಲ್ಲ. ಆದರೆ ಕರೆಯೋಲೆ ಬಂದರೆ ತೆರೆದು ನೋಡದೇ ಇರುವುದು ನಿಮ್ಮ ಅಪ್ಪನ ವಯಸ್ಸಿನವರಿಗೆ ಸಾಧ್ಯವೇ ಇಲ್ಲ. ಅದು ಕರೆದವರಿಗೆ ಮಾಡುವ ಅಗೌರವ. ಕಳ್ಳರು ಹಿಡಿದದ್ದು ಇದನ್ನೇ. ಆಸೆಯಿಂದ ಮೋಸ ಹೋದವರು ಬೇರೆ, ಲಾಟರಿ ಬಂದಿದೆ, ದುಪ್ಪಟ್ಟು ಕೊಡುತ್ತೇವೆ ಅಂದಾಗ ನಂಬಿದವರು. ನಿಮ್ಮ ಅಪ್ಪ ಮರ್ಯಾದೆ ಕೊಡಲು ಹೋಗಿ ಸಿಕ್ಕಿಕೊಂಡರು. ಇದನ್ನು ನಿಮ್ಮ ಅಣ್ಣನಿಗೆ ಹೇಳಿ.

ಬಂದದ್ದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಕರೆಯೋಲೆಯ ಹೆಸರು ಇಟ್ಟುಕೊಂಡ ಒಂದು ಆ್ಯಪ್. ಅದರ ಹೆಸರಿನ ಕೊನೆಯಲ್ಲಿ 'ಡಾಟ್ ಎಪಿಕೆ' ಅಂತ ಇರುತ್ತದೆ. ಒತ್ತಿದರೆ ಫೋನ್ 'ಇನ್‌ಸ್ಟಾಲ್ ಮಾಡಬೇಕಾ' ಅಂತ ಕೇಳುತ್ತದೆ. ಆಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ, ಫೋಟೊ ನೋಡಲು ಅನುಮತಿ, ಕಾಂಟ್ಯಾಕ್ಟ್ ನೋಡಲು ಅನುಮತಿ. ಒಪ್ಪಿಗೆ ಕೊಟ್ಟ ಮೇಲೆ ಆ್ಯಪ್ ಅಡಗಿ ಕೂರುತ್ತದೆ. ಬಂದ ಒಟಿಪಿಯನ್ನು ಓದಿ ಕಳ್ಳರಿಗೆ ಕಳಿಸುತ್ತದೆ. ಕೆಲವು ಆ್ಯಪ್‌ಗಳು ಬ್ಯಾಂಕಿನ ಸಂದೇಶ ನಿಮಗೆ ಕಾಣದ ಹಾಗೂ ಮಾಡುತ್ತವೆ. ಕಾರ್ಡಿನ ಎರಡೂ ಬದಿಯ ಫೋಟೊ ಮತ್ತು ಒಟಿಪಿ ಕೈಗೆ ಸಿಕ್ಕಿದರೆ ಆನ್‌ಲೈನ್‌ನಲ್ಲಿ ಹಣ ತೆಗೆಯಲು ಬೇರೆ ಏನೂ ಬೇಡ. ಹಾಗಾಗಿ 'ಒಟಿಪಿ ಹೇಳದಿದ್ದರೆ ಹಣ ಹೋಗುವುದಿಲ್ಲ' ಅನ್ನುವ ಮಾತು ಈಗ ಪೂರ್ತಿ ನಿಜವಲ್ಲ. ನಿಮ್ಮ ಅಪ್ಪ ಸುಳ್ಳು ಹೇಳುತ್ತಿಲ್ಲ.

ಬುಧವಾರ ರಾತ್ರಿ ಒತ್ತಿದರೂ ಹಣ ಶುಕ್ರವಾರ ಹೋಯಿತಲ್ಲ, ಯಾಕೆ? ನಿಮ್ಮ ಊರಿನಲ್ಲಿ ಮೊಬೈಲ್ ಸಿಗ್ನಲ್ ಹೇಗಿದೆ ಅಂತ ನೀವು ಬರೆದಿಲ್ಲ. ಆ ಭಾಗದ ಎಷ್ಟೋ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಚೆನ್ನಾಗಿದೆ, ಸಿಮ್ಮಿಗೆ ಮಾತ್ರ ಗುಡ್ಡ ಹತ್ತಬೇಕು. ನಿಮ್ಮ ಮನೆಯದ್ದೂ ಅದೇ ಕಥೆಯಾದರೆ ಕರೆಯೋಲೆ ವೈಫೈಯಲ್ಲಿ ಮನೆ ಒಳಗೆ ಬಂತು. ಒಟಿಪಿ ಬರಲು ಸಿಗ್ನಲ್ ಬೇಕಿತ್ತು. ಪೇಟೆಗೆ ಬಂದ ಮೇಲೆ ಅದು ಸಿಕ್ಕಿತು. ಅಪ್ಪನ ಅಂಗಿ ಕಿಸೆಯಲ್ಲಿದ್ದ ಫೋನೇ ಅವರಿಗೆ ಗೊತ್ತಿಲ್ಲದೆ ಕಳ್ಳರಿಗೆ ಉತ್ತರ ಕೊಡುತ್ತಿತ್ತು.

ಇಲ್ಲಿ ತಕ್ಷಣ ಮಾಡಬೇಕಾದ ಒಂದು ಕೆಲಸ ಇದೆ. ಆ ನೆಂಟರು ಬೇಕೆಂದು ಕಳಿಸಿದ್ದಲ್ಲ, ಅವರ ಫೋನ್ ಹಾಳಾಗಿ ಅಲ್ಲಿಂದ ಎಲ್ಲರಿಗೂ ಹೋಗಿದೆ. ಅದೇ ರೀತಿ ನಿಮ್ಮ ಅಪ್ಪನ ನಂಬರಿನಿಂದಲೂ ಹೋಗಿರಬಹುದು. ಊರಿನವರಿಗೆ, ನೆಂಟರಿಗೆ, ಸೊಸೈಟಿಯವರಿಗೆ. ಅಪ್ಪ ಹೊರಗೆ ಹೋಗದಿರಲು ಅದೂ ಒಂದು ಕಾರಣ ಇರಬಹುದು, ಕೇಳಿ ನೋಡಿ. ಅಪ್ಪನ ಪರವಾಗಿ ನೀವೇ ಎಲ್ಲರಿಗೂ ಒಂದು ಸಂದೇಶ ಹಾಕಿ: ಈ ನಂಬರಿನಿಂದ ಕರೆಯೋಲೆ ಬಂದಿದ್ದರೆ ತೆರೆಯಬೇಡಿ, ತೆರೆದಿದ್ದರೆ ಬ್ಯಾಂಕಿಗೆ ಹೇಳಿ. ಅಣ್ಣ ಕಿತ್ತುಕೊಂಡು ಬಂದ ಆ ಸ್ಮಾರ್ಟ್‌ಫೋನನ್ನು ಯಾರೂ ಹಾಗೇ ಬಳಸಬೇಡಿ. ಬೇಕಾದ ಫೋಟೊಗಳನ್ನು, ಪೊಲೀಸರಿಗೆ ತೋರಿಸಲು ಆ ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಸಿ. ತನಿಖೆಗೆ ಫೋನೇ ಬೇಕು ಅಂದರೆ ಅದು ಮುಗಿಯುವವರೆಗೆ ಸ್ವಿಚ್ ಆಫ್ ಮಾಡಿ ಇಡಿ. ಬರೀ ಆ್ಯಪ್ ಅಳಿಸಿದರೆ ಸಾಲದು.

ಇನ್ನು ಹಣದ ವಿಷಯ. ಭರವಸೆ ಕೊಟ್ಟು ಆಸೆ ಹುಟ್ಟಿಸಲಾರೆ. 1930 ಕೇಂದ್ರ ಸರ್ಕಾರದ ಸಹಾಯವಾಣಿ. ಅಲ್ಲಿ ದೂರು ದಾಖಲಾದ ಕೂಡಲೇ ಹಣ ಹೋದ ಖಾತೆಯ ಬ್ಯಾಂಕಿಗೆ ಮಾಹಿತಿ ಹೋಗುತ್ತದೆ. ಆ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆ ಹಿಡಿಯುತ್ತಾರೆ. ಕಳ್ಳರು ಕಾಯುವುದಿಲ್ಲ. ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ನಗದು ಮಾಡಿಕೊಳ್ಳುತ್ತಾರೆ. ಆರು ದಿನದ ಮೇಲೆ ದೂರು ಹೋದಾಗ ತಡೆಯಲು ಏನು ಉಳಿದಿತ್ತೋ ಗೊತ್ತಾಗಬೇಕು. 1930ರಿಂದ ನಿಮಗೆ ದೂರಿನ ಸಂಖ್ಯೆ ಎಸ್ಸೆಮ್ಮೆಸ್‌ನಲ್ಲಿ ಬಂದಿರುತ್ತದೆ. ಅದನ್ನಿಟ್ಟುಕೊಂಡು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ನಮ್ಮ ಜಿಲ್ಲೆಗೆ ಸಿಇಎನ್, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ ಕಾರವಾರದಲ್ಲಿದೆ. ಮೊದಲ ದಿನವೇ ಘಟ್ಟ ಇಳಿದು ಓಡಬೇಕಾಗಿಲ್ಲ, ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಸ್ವಲ್ಪ ಹಣ ತಡೆ ಹಿಡಿದದ್ದು ಗೊತ್ತಾದರೆ ಅದನ್ನು ಬಿಡಿಸಿಕೊಳ್ಳಲು ಕೋರ್ಟಿನ ಆದೇಶ ಬೇಕಾಗಬಹುದು. ಅದಕ್ಕೆ ಠಾಣೆಯ ಕಾಗದ ಬೇಕು.

ಬ್ಯಾಂಕ್ ಜೊತೆಗಿನ ಲೆಕ್ಕ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಕೈಯಲ್ಲಿ ಉಳಿದಿರುವ ದಾರಿ ಇದೇ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರು ಒಪ್ಪದೇ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರದ್ದು ಅಂತ ಅದರಲ್ಲಿದೆ. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕರಿಗೆ ನಷ್ಟವೇ ಇಲ್ಲ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ಹೊರಗಿನವರದ್ದು ಅಂತಾದರೆ, ಬ್ಯಾಂಕಿನ ಸಂದೇಶ ತಲುಪಿದ ಮೇಲೆ ಮೂರು ಕೆಲಸದ ದಿನದ ಒಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್. ನಾಲ್ಕರಿಂದ ಏಳು ದಿನದ ಒಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಗ್ರಾಹಕರ ನಷ್ಟ ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯ ಪ್ರಕಾರ. ಗ್ರಾಹಕರ ನಿರ್ಲಕ್ಷ್ಯದಿಂದಲೇ ಆಗಿದ್ದರೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು.

ಈಗ ನಿಮ್ಮ ದಿನ ಎಣಿಸಿ. ಸಂದೇಶ ತಲುಪಿದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ರಜೆಯನ್ನೂ ಹಿಡಿಯುವುದಿಲ್ಲ. ಶುಕ್ರವಾರ ಸಂದೇಶ ಬಂತು ಅಂತಿಟ್ಟುಕೊಳ್ಳಿ. ಶನಿವಾರ, ಭಾನುವಾರ ಬ್ಯಾಂಕ್ ಇಲ್ಲ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ನೀವು ಗುರುವಾರ ಕೊಟ್ಟಿದ್ದೀರಿ, ಅಂದರೆ ನಾಲ್ಕನೇ ದಿನ. ಒಂದು ದಿನ ತಡ. ಆದರೆ ಇನ್ನೊಂದು ರೀತಿಯೂ ಎಣಿಸಬಹುದು. ಆ ಆ್ಯಪ್ ಸಂದೇಶಗಳನ್ನು ಮುಚ್ಚಿಟ್ಟಿದ್ದರೆ ಅಪ್ಪನಿಗೆ ಶುಕ್ರವಾರ ಏನೂ ತಲುಪಿಲ್ಲ. ಮೊದಲು ಗೊತ್ತಾದದ್ದು ಸೋಮವಾರ ಪಾಸ್‌ಬುಕ್ಕಿನಲ್ಲಿ. ಆ ಲೆಕ್ಕದಲ್ಲಿ ಗುರುವಾರ ಮೂರನೇ ದಿನ. ಇದನ್ನು ಬ್ಯಾಂಕ್ ಸುಲಭಕ್ಕೆ ಒಪ್ಪುವುದಿಲ್ಲ, ನಮ್ಮ ದಾಖಲೆಯಲ್ಲಿ ಸಂದೇಶ ಶುಕ್ರವಾರವೇ ಹೋಗಿದೆ ಅನ್ನುತ್ತಾರೆ. ಆ್ಯಪ್ ಹಾಕಿಕೊಂಡದ್ದೇ ನಿರ್ಲಕ್ಷ್ಯ ಅಂತಲೂ ವಾದ ಮಾಡುತ್ತಾರೆ. ಕಾರ್ಡಿನ ಫೋಟೊ ಫೋನಿನಲ್ಲಿ ಇದ್ದದ್ದು ಗೊತ್ತಾದರೆ ಅದನ್ನೂ ಸೇರಿಸುತ್ತಾರೆ. ಗೆಲ್ಲುತ್ತೀರಿ ಅಂತ ನಾನು ಹೇಳಲಾರೆ. ಆದರೆ ತಪ್ಪು ಗ್ರಾಹಕರದ್ದು ಅಂತ ತೋರಿಸುವ ಹೊಣೆ ಬ್ಯಾಂಕಿನದ್ದು ಅಂತ ಅದೇ ಸುತ್ತೋಲೆ ಹೇಳುತ್ತದೆ. ಕೌಂಟರಿನಲ್ಲಿ ಯಾರೋ 'ಒಟಿಪಿ ಕೊಟ್ಟಿರ್ತೀರಿ' ಅಂದದ್ದು ತೀರ್ಮಾನ ಆಗುವುದಿಲ್ಲ. ನಾನೂ ಆ ಕೌಂಟರಿನ ಒಳಗೆ ಕೂತವನು. ಸಾಲು ಉದ್ದ ಇದ್ದಾಗ ಹಾಗೆ ಹೇಳಿ ಕಳಿಸುವುದು ಎಷ್ಟು ಸುಲಭ ಅಂತ ಗೊತ್ತು. ಅದು ಸರಿಯಲ್ಲ ಅಂತಲೂ ಗೊತ್ತು.

ಹಾಗಾಗಿ ಬ್ಯಾಂಕಿಗೆ ಕೊಟ್ಟ ಅರ್ಜಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡಿದ್ದೀರಾ ನೋಡಿ. ಇಲ್ಲದಿದ್ದರೆ ಗುರುವಾರದ ಅರ್ಜಿಯನ್ನು ಉಲ್ಲೇಖಿಸಿ ಇನ್ನೊಂದು ಬರೆದು ಸ್ವೀಕೃತಿ ಪಡೆಯಿರಿ. ಗ್ರಾಹಕರ ನಷ್ಟದ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪರಿಶೀಲಿಸಿ ಲಿಖಿತ ಉತ್ತರ ಕೊಡಿ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆ ಆಗದಿದ್ದರೆ, ಬ್ಯಾಂಕ್ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಊರಿನ ಮಾತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬರೀ ಕರೆ ಎತ್ತಿದರೆ ಹಣ ಹೋಗುವುದಿಲ್ಲ. ಕರೆ ಎತ್ತಿದ ಮೇಲೆ ಅವರು ಹೇಳಿದಂತೆ ಒತ್ತಿದರೆ, ಹೇಳಿದ ಆ್ಯಪ್ ಹಾಕಿದರೆ, ಸ್ಟಾರ್ ಹಾಕಿ ನಂಬರ್ ಡಯಲ್ ಮಾಡಿದರೆ ತೊಂದರೆ. ಹಣ ಬರಲು ಯುಪಿಐ ಪಿನ್ ಯಾವತ್ತೂ ಬೇಡ, ಹೋಗಲು ಮಾತ್ರ ಬೇಕು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ, ವಿಡಿಯೊ ಕಾಲ್‌ನಲ್ಲಿ ಯಾರನ್ನೂ ಬಂಧಿಸಲಾಗುವುದಿಲ್ಲ. ಇದನ್ನು ನಿಮ್ಮ ಆಯಿಗೂ ಹೇಳಿಡಿ.

ಹೆಬ್ಬೆಟ್ಟಿನ ಮಾತು ಮಾತ್ರ ನಿಜ. ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚು ಕೊಟ್ಟು ಹಣ ತೆಗೆಯುವ ವ್ಯವಸ್ಥೆ ಇದೆ. ಹಳ್ಳಿಯವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಅದರಲ್ಲಿ ಒಟಿಪಿ ಕೇಳುವುದಿಲ್ಲ. ಬೆರಳಚ್ಚಿನ ನಕಲು ಮಾಡಿ ಹಣ ತೆಗೆದ ಪ್ರಕರಣಗಳೂ ಆಗಿವೆ. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಬಹುದು. ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗಲೂ ಆಗುವುದಿಲ್ಲ, ಆಗ ಸ್ವಲ್ಪ ಹೊತ್ತು ತೆರೆಯಬೇಕು. ನೀವು ಬೆಂಗಳೂರಿನಲ್ಲಿ, ಅಪ್ಪ ರೇಷನ್ ಅಂಗಡಿಯ ಸಾಲಿನಲ್ಲಿ ಅಂತಾದರೆ ಪಂಚಾಯ್ತಿ ಆಗುತ್ತದೆ. ಯಾವ ದಿನ ರೇಷನ್ ತರುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಏನಾದರೂ ತೊಡಕಾದರೆ ಆಧಾರ್ ಸಹಾಯವಾಣಿ 1947ಕ್ಕೆ ಕೇಳಿ.

ಈಗ ಫೋನ್. ಕಿತ್ತಿಟ್ಟದ್ದು ಸರಿಯಲ್ಲ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅಣ್ಣನ ಸಿಟ್ಟು ನನಗೆ ಅರ್ಥವಾಗುತ್ತದೆ. ಚಾಲಿ ಸುಲಿಸಿ ಮಾರಿದ ಹಣ ಅಂದರೆ ವರ್ಷದ ದುಡಿಮೆ. ಆದರೆ ಅಪ್ಪನಿಗೆ ಈಗ ಒಂದು ವಿಷಯ ಖಾತ್ರಿಯಾಗಿದೆ: ಹೇಳಿದರೆ ಶಿಕ್ಷೆ. ಮುಂದಿನ ಸಲ ಏನಾದರೂ ಆದರೆ ಗುರುವಾರವೂ ಹೇಳುವುದಿಲ್ಲ. ಕೀಪ್ಯಾಡ್ ಫೋನಿಗೆ ಎಪಿಕೆ ಬರುವುದಿಲ್ಲ, ನಿಜ. ಆದರೆ ಮಾತಿನಲ್ಲಿ ಮರುಳು ಮಾಡುವ ಕರೆ ಅದಕ್ಕೂ ಬರುತ್ತದೆ. ಆಗ ಪಕ್ಕದಲ್ಲಿ ಕೂತು ಕೇಳುವವರು ಯಾರು?

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನನಗೆ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಓದಲು ಬರುವುದಿಲ್ಲ. ಬುಟ್ಟಿಯ ಪಕ್ಕದಲ್ಲಿ ಹಣ ಬಂದರೆ ಕೂಗಿ ಹೇಳುವ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಒಮ್ಮೆ ಯಾರೋ ಫೋನ್ ಪರದೆ ತೋರಿಸಿ 'ಹಾಕಿದೆ ನೋಡಿ' ಅಂದರು. ಅಜ್ಜಿ ಬಂಗಡೆ ತುಂಬಿದ ಚೀಲವನ್ನು ತನ್ನ ಕಾಲ ಬುಡದಲ್ಲೇ ಇಟ್ಟುಕೊಂಡು 'ಪೆಟ್ಟಿಗೆ ಮಾತಾಡ್ಲಿ' ಅಂದರು. ಅಷ್ಟೇ. ಯಾರೂ ಅವರಿಗೆ ತರಬೇತಿ ಕೊಟ್ಟಿಲ್ಲ. ತನ್ನ ಕೆಲಸಕ್ಕೆ ಹೊಂದುವ ಒಂದು ನಿಯಮ ಮಾಡಿಕೊಂಡಿದ್ದಾರೆ, ಅದನ್ನು ಬಿಡುವುದಿಲ್ಲ. ನಿಮ್ಮ ಅಪ್ಪನಿಗೂ ಹೀಗೆ ಅವರ ಬದುಕಿಗೆ ಹೊಂದುವ ಒಂದೆರಡು ನಿಯಮ ಸಾಕು. ಇಪ್ಪತ್ತು ನಿಯಮ ಹೇಳಿದರೆ ಯಾವುದೂ ಉಳಿಯುವುದಿಲ್ಲ.

ಒಂದು ನಿಯಮ ಅವರ ರೂಢಿಯಲ್ಲೇ ಇದೆ. ಕರೆಯೋಲೆ ಬಂದರೆ ತೆರೆಯುವ ಮೊದಲು ಕಳಿಸಿದವರಿಗೆ ಫೋನ್ ಮಾಡುವುದು. 'ಮದುವೆ ಅಂತೆ, ಸಂತೋಷ, ಯಾವಾಗ, ಎಲ್ಲಿ?' ಅಂತ ಮಾತಾಡುವುದು. ಕರೆದವರಿಗೂ ಖುಷಿ. ಮದುವೆಯೇ ಇಲ್ಲ ಅಂದರೆ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು, 'ಇನ್‌ಸ್ಟಾಲ್' ಅನ್ನುವ ಶಬ್ದ ಕಂಡರೆ ಕೈ ತೆಗೆದು ನಿಮಗೆ ಫೋನ್ ಮಾಡುವುದು. ಆ ಶಬ್ದ ಪರದೆಯಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಫೋನ್ ಇಡುವ ಜಾಗದಲ್ಲಿ ಅಂಟಿಸಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್‌ಗೆ ಹೊರಗಿನ ಆ್ಯಪ್ ಹಾಕುವ ಅನುಮತಿ ಬಂದ್ ಮಾಡಿ, ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿ.

ಇದೆಲ್ಲಕ್ಕಿಂತ ಮುಖ್ಯವಾಗಿ, ಹಣ ಇಡುವ ರೀತಿ ಬದಲಾಯಿಸಿ. ತಪ್ಪೇ ಆಗದಂತೆ ನೋಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ತಪ್ಪಾದರೂ ಸಣ್ಣ ಮೊತ್ತ ಮಾತ್ರ ಹೋಗುವಂತೆ ಮಾಡಬಹುದು. ಅಣ್ಣ ತಂದ ಕೀಪ್ಯಾಡ್ ಫೋನಿಗೆ ಇಲ್ಲಿ ಒಳ್ಳೆಯ ಉಪಯೋಗ ಇದೆ. ಅಡಿಕೆ ಹಣ ಬರುವ ದೊಡ್ಡ ಖಾತೆಗೆ, ಆಧಾರಿಗೆ ಜೋಡಿಸಿದ ಸಿಮ್ ಅದರಲ್ಲಿ ಇರಲಿ. ಒಟಿಪಿ ಅಲ್ಲಿಗೇ ಬರುತ್ತದೆ, ಅಲ್ಲಿ ಯಾವ ಆ್ಯಪ್ ಕೂಡ ಅದನ್ನು ಕದ್ದು ಓದುವುದಿಲ್ಲ. ಆ ಖಾತೆಗೆ ಎಟಿಎಂ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಏನೂ ಬೇಡ. ಅಪ್ಪ ಪಾಸ್‌ಬುಕ್, ಚೆಕ್ ಹಿಡಿದು ಶಾಖೆಗೆ ಹೋಗಿ ತೆಗೆಯಲಿ. ಫಿಕ್ಸೆಡ್ ಡೆಪಾಸಿಟ್ ಇದ್ದರೆ ಆನ್‌ಲೈನ್‌ನಲ್ಲಿ ಮುರಿಯಲು ಬಾರದ ಹಾಗೆ ಮಾಡಿಕೊಡುತ್ತೀರಾ ಅಂತ ಕೇಳಿ. ಸ್ಮಾರ್ಟ್‌ಫೋನಿಗೆ ಹೊಸ ಸಿಮ್ ಹಾಕಿ, ಆ ನಂಬರಿಗೆ ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಖಾತೆ ತೆರೆದು ಯುಪಿಐ ಹಾಕಿಕೊಡಿ. ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದ ನಾಲ್ಕೈದು ಸಾವಿರ ಮಾತ್ರ ಇರಲಿ. ಯಕ್ಷಗಾನ, ಮೊಮ್ಮಗಳು, ಪೇಟೆಯ ಖರ್ಚು ಎಲ್ಲ ಆ ಫೋನಿನಲ್ಲೇ ನಡೆಯಲಿ.

ಇದರಲ್ಲೂ ತೊಡಕು ಇದೆ. ಕೀಪ್ಯಾಡ್ ಫೋನಿಗೆ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಂದೇಶ ತಡವಾಗಿ ಬರುತ್ತದೆ. ಆ ಖಾತೆಯಿಂದ ಆನ್‌ಲೈನ್‌ನಲ್ಲಿ ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಅಪಾಯ ಕಡಿಮೆ. ಹೆಬ್ಬೆಟ್ಟಿನ ದಾರಿ ಒಂದು ಉಳಿಯುತ್ತದೆ, ಅದಕ್ಕೆ ಲಾಕ್ ಇದೆ. ಆದರೂ ವಾರಕ್ಕೊಮ್ಮೆ ಪೇಟೆಗೆ ಬಂದಾಗ ಪಾಸ್‌ಬುಕ್ ಎಂಟ್ರಿ ಮಾಡಿಸುವ ಅಪ್ಪನ ಅಭ್ಯಾಸ ಬಿಡಿಸಬೇಡಿ. ಈ ಸಲ ಕಳ್ಳತನ ಕಂಡುಹಿಡಿದದ್ದು ಆ ಅಭ್ಯಾಸವೇ. ಎರಡು ಫೋನ್ ಚಾರ್ಜ್ ಮಾಡುವುದು, ಎರಡು ಸಿಮ್ಮಿಗೆ ಕರೆನ್ಸಿ ಹಾಕಿಸುವುದು ಕಿರಿಕಿರಿ. ಕರೆನ್ಸಿ ನೀವು ಬೆಂಗಳೂರಿನಿಂದಲೇ ಹಾಕಬಹುದು.

ಯುಪಿಐ ಸರ್ಕಲ್ ಅಂತ ಒಂದು ವ್ಯವಸ್ಥೆ 2024ರಲ್ಲಿ ಬಂದಿದೆ. ನಿಮ್ಮ ಖಾತೆಯಿಂದ ಅಪ್ಪ ಖರ್ಚು ಮಾಡಬಹುದು, ನೀವು ಮಿತಿ ಹಾಕಬಹುದು, ಬೇಕಾದರೆ ಪ್ರತಿ ಸಲ ನೀವೇ ಒಪ್ಪಿಗೆ ಕೊಡಬಹುದು. ಸುರಕ್ಷಿತ, ನಿಜ. ಆದರೆ ಜೀವನವಿಡೀ ತೋಟದ ಆಳುಗಳಿಗೆ ಸಂಬಳ ಕೊಟ್ಟವರು, ಎಲೆ ಅಡಿಕೆಗೆ ಹತ್ತು ರೂಪಾಯಿ ಕೊಡಲು ಮಗಳ ಒಪ್ಪಿಗೆಗೆ ಅಂಗಡಿ ಮುಂದೆ ನಿಂತು ಕಾಯಬೇಕಾ? ಅಪ್ಪ ತಾವಾಗಿ ಕೇಳಿದರೆ ಮಾಡಿಕೊಡಿ, ನೀವಾಗಿ ಹೇರಬೇಡಿ. ಅಪ್ಪನ ದೊಡ್ಡ ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸುವ ಮಾತು ಬಂದರೂ ಇದೇ ನನ್ನ ಸಲಹೆ. ಆಯಿಯ ಹೆಸರು ಸೇರಿಸಿ ಜಂಟಿ ಖಾತೆ ಮಾಡಿದರೆ ಸಾಕು.

ತಪ್ಪು ಯಾರದ್ದು ಅಂತ ಕೇಳಿದ್ದೀರಿ. ಕದ್ದವರದ್ದು. ಅಪ್ಪ ಒತ್ತಿದರು, ನೀವು ಫೋಟೊ ಇಟ್ಟಿರಿ, ಎರಡೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಕಾರ್ಡಿನ ಫೋಟೊ ಫೋನಿನಲ್ಲಿ ಇಡಬಾರದು ಅಂತ ಮುಂದೆ ನೆನಪಿಟ್ಟುಕೊಳ್ಳಿ. ಆ ಕಾರ್ಡ್ ಬ್ಲಾಕ್ ಆಗಿದೆಯಾ ಅಂತ ಇವತ್ತೇ ನೋಡಿ, ಗ್ಯಾಲರಿಯಲ್ಲಿ ಆಧಾರ್, ಪಾಸ್‌ಬುಕ್ ಫೋಟೊ ಇದ್ದರೆ ಅವೂ ಕಳ್ಳರ ಕೈಗೆ ಹೋಗಿವೆ ಅಂತಲೇ ತಿಳಿಯಿರಿ. ಆದರೆ ಮೂರು ದಿನ ಅಪ್ಪ ಹೇಳದೇ ಇದ್ದ ಹಾಗೆ, ನೀವೂ ಇಷ್ಟು ದಿನ ಹೇಳದೇ ಇದ್ದೀರಿ. ಅಣ್ಣ ಬೈದಾಗ ಅಪ್ಪ ಒಬ್ಬರೇ ಬೈಸಿಕೊಂಡರು, ಅಲ್ವಾ?

ರಜೆ ಹಾಕಿ ಒಮ್ಮೆ ಊರಿಗೆ ಹೋಗಿ. ಬ್ಯಾಂಕಿಗೆ ಎರಡನೇ ಅರ್ಜಿ ಬರೆಯುವಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಏನೇನು ಆಯಿತು ಅಂತ ದಿನ, ಹೊತ್ತು ಸಮೇತ ಅವರೇ ಹೇಳಲಿ. ಕಾರ್ಡಿನ ವಿವರ ಕಳ್ಳರಿಗೆ ಹೇಗೆ ಸಿಕ್ಕಿತು ಅಂತ ಬರೆಯುವ ಜಾಗ ಬಂದಾಗ ಫೋಟೊ ವಿಷಯ ಹೇಳಿಬಿಡಿ, ಅಣ್ಣನಿಗೂ ಅವತ್ತೇ ಫೋನ್ ಮಾಡಿ ಹೇಳಿ. ಮುಚ್ಚಿಟ್ಟರೆ ಮುಂದೆ ಒಂಬುಡ್ಸ್‌ಮನ್ ಎದುರು ಅದೇ ನಿಮಗೆ ಅಡ್ಡ ಬರುತ್ತದೆ. ಆಮೇಲೆ ಅಪ್ಪನನ್ನೂ ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಖಾತೆ ಅವರದ್ದು, ಅರ್ಜಿಗೆ ಸಹಿ ಅವರದ್ದೇ ಬೇಕು.